ಸಹಾಯ ಬೇಕು: ಬೋರ್ ನೀರು, ಬಿಳಿ ಬಟ್ಟಿ, ಕರೆಂಟ್ ಬಿಲ್

ರಾಯಚೂರಿನ ಅಕ್ಕಾರ, ಅಣ್ಣಾರ, ನಮ್ಮ ಮನ್ಯಾಗ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಐತಿ. ನೀರು ಬೋರಿಂದು, ಭಾಳ ಗಡಸು. ಗೃಹಜ್ಯೋತಿ ಲೆಕ್ಕ ದಾಟಿ ಬಿಲ್ ಬರಾಕತ್ತೇತಿ. ಇಂಥ ಮಷೀನಿನಾಗ ಹೆಚ್ಚು ಕರೆಂಟ್ ತಿನ್ನೋದು ಡ್ರಮ್ ತಿರುಗೋದಲ್ಲ, ನೀರು ಕಾಯಿಸೋ ಹೀಟರ್. ಅದಕ್ಕ 60 ಡಿಗ್ರಿ ಬಿಟ್ಟು ತಣ್ಣೀರಿಗೆ ಇಟ್ಟೆ. ಬಣ್ಣದ ಬಟ್ಟಿ ಚಲೋ ಬಂದ್ವು. ಮಾವನವರ ಬಿಳಿ ಧೋತರ, ಅಂಗಿ ಕಾಲರ್ ಮಾತ್ರ ಮಾಸಲಾಗೇ ಉಳೀತಾವ, ಮ್ಯಾಲೆ ಪೌಡರ್ ಕಲೆ ಬ್ಯಾರೆ. ರಾತ್ರಿ ನೆನೆಸಿಟ್ಟೆ, ಪೌಡರ್ ಬಿಟ್ಟು ಲಿಕ್ವಿಡ್ ಹಾಕಿದೆ. ಕಲೆ ಹೋತು, ಮಾಸಲು ಹೋಗಲಿಲ್ಲ. ಒಣಗಿಸಾಕ ನಮ್ಮ ಬಿಸಿಲು ಸಾಕು, ಆ ಚಿಂತಿ ಇಲ್ಲ.

ಬೇಸಿಗ್ಯಾಗ ಮಾಳಿಗಿ ಟ್ಯಾಂಕಿನ ನೀರು ತಾನೇ ಬೆಚ್ಚಗಿರ್ತೈತಿ. ಆಗ 40 ಡಿಗ್ರಿಗೆ ಇಟ್ರ ಕರೆಂಟ್ ಕಡಿಮಿ ತಗೋತೈತೇನು? ಇಲ್ಲಾ ವಾಷಿಂಗ್ ಸೋಡಾ ಹಾಕಿದ್ರ ತಣ್ಣೀರಿನಾಗೇ ಬೆಳ್ಳಗ ಆಗ್ತಾವೇನು? ಬೋರ್ ನೀರಿನಾಗ ಒಗಿಯೋರು ಹೇಳ್ರಿ.