ಅಪ್‌ಡೇಟ್: ಮೀಟಿಂಗ್‌ನಲ್ಲಿ 'ಹೂಂ' ಅಂದವರು ಕೆಲಸ ಮಾಡುತ್ತಿರಲಿಲ್ಲ ಅಂದಿದ್ದೆನಲ್ಲ

ಹೋದ ತಿಂಗಳು ನಾನು ಕೇಳಿದ್ದು ಇದು: ನಾಲ್ಕು ದೇಶಗಳ ಏಳು ಜನರ ತಂಡ, ಎಲ್ಲದಕ್ಕೂ ಒಪ್ಪುತ್ತಾರೆ, ಆದರೆ ಕೆಲಸ ಮುಂದೆ ಹೋಗಲ್ಲ, ಏನು ಮಾಡಲಿ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ತಪ್ಪು ಜಾಸ್ತಿ ನನ್ನದೇ ಇತ್ತು. ಆ 'ಹೂಂ'ಗೆ 'ಕೇಳಿಸಿಕೊಂಡೆ' ಅಂತ ಮಾತ್ರ ಅರ್ಥ. ನಾನು ಒಪ್ಪಿಗೆ ಅಂದುಕೊಂಡಿದ್ದೆ. ಎಲ್ಲರ ಮುಂದೆ 'ಆಗಲ್ಲ' ಅಂದರೆ, ತಂಡ ನಡೆಸುವ ನನಗೆ ಅವಮಾನ ಆಗುತ್ತದೆ ಅಂತ ಅವರು ಸುಮ್ಮನಿದ್ದರಂತೆ. ಈಗ 'ಅರ್ಥ ಆಯ್ತಾ?' ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. 'ಇದರಲ್ಲಿ ಮೊದಲು ಕೈಕೊಡುವುದು ಯಾವುದು?' ಅಂತ ಕೇಳುತ್ತೇನೆ. ಅದಕ್ಕೆ ಹೂಂ ಅನ್ನೋಕೆ ಆಗಲ್ಲ ಅಲ್ವಾ!

ನಿಮ್ಮಲ್ಲಿ ಒಬ್ಬರು ಹೇಳಿದಂತೆ, ಚರ್ಚೆಗೆ ಮೊದಲು ಐದು ನಿಮಿಷ ಎಲ್ಲರೂ ಸುಮ್ನೆ ಕೂತು ಬರೆಯುತ್ತೇವೆ. ಮೊದಲ ಸಲ ತುಂಬಾ ಮುಜುಗರ ಆಯಿತು. ಆದರೆ ಎಂದೂ ಬಾಯಿ ಬಿಡದವರ ಚೀಟಿಯಲ್ಲೇ ಒಳ್ಳೆಯ ಐಡಿಯಾ ಇತ್ತು. ಒಬ್ಬರೇ ಮಾತಾಡುತ್ತಿದ್ದರೆ ಉಳಿದವರ ಯೋಚನೆ ಅಲ್ಲೇ ನಿಂತುಬಿಡುತ್ತದೆ, ಅದೂ ಎರಡನೇ ಭಾಷೆಯಲ್ಲಿ ಮಾತಾಡಬೇಕಾದವರಿಗೆ ಇನ್ನೂ ಕಷ್ಟ.

ನಗು ಬರುವ ವಿಷಯ ಇನ್ನೊಂದಿದೆ. 03/04 ಅಂತ ಗಡುವು ಬರೆದಿದ್ದೆ. ನನ್ನ ಲೆಕ್ಕದಲ್ಲಿ ಏಪ್ರಿಲ್ 3. ಒಬ್ಬರು ಮಾರ್ಚ್ 4 ಅಂತ ಓದಿ, ರಾತ್ರಿಯೆಲ್ಲ ಕೂತು ಮುಗಿಸಿದ್ದರು. ಪಾಪ! ಈಗ ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601 ಪ್ರಕಾರ ವರ್ಷ, ತಿಂಗಳು, ದಿನ ಅಂತಲೇ ಬರೆಯುತ್ತೇವೆ.

ಎಲ್ಲವೂ ಸರಿಹೋಗಿಲ್ಲ. ಒಬ್ಬರ ನೇರ ಮಾತು ಇನ್ನೊಬ್ಬರಿಗೆ ಈಗಲೂ ಚುಚ್ಚುತ್ತದೆ. ಅವರಿಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡುವುದು ಈ ವಾರದ ಕೆಲಸ.