ತುಮಕೂರಿನಲ್ಲಿ ಮನೆ, ಜಯನಗರದಲ್ಲಿ ಕೆಲಸ: ಕಾರಿಲ್ಲದೆ ಆಗುತ್ತಾ?

ಬಾಡಿಗೆಮನೆಯವ:
ನಮಸ್ಕಾರ. ಬೆಂಗಳೂರಿನ ರಾಜಾಜಿನಗರದಲ್ಲಿ ಎರಡು ರೂಮಿನ ಮನೆಗೆ 23,000 ಕೊಡ್ತಿದ್ದೀವಿ. ಜೂನ್‌ನಿಂದ ಇನ್ನೆರಡು ಸಾವಿರ ಸೇರಿಸಿ ಅಂದಿದ್ದಾರೆ ಓನರು. ತುಮಕೂರಿನಲ್ಲಿ ನನ್ನ ಹೆಂಡತಿಯ ಅಕ್ಕ ಇದ್ದಾರೆ. ಅವರ ಬೀದಿಯಲ್ಲೇ ಇದಕ್ಕಿಂತ ದೊಡ್ಡ ಮನೆ 11,000ಕ್ಕೆ ಸಿಗ್ತಿದೆ, ಅಡ್ವಾನ್ಸೂ ಅರ್ಧ. ನನಗೆ ಜಯನಗರದಲ್ಲಿ 9.30ಕ್ಕೆ ಥಂಬ್ ಒತ್ತಬೇಕು, ಬಿಡೋದು 6ಕ್ಕೆ. ಕಾರಿಲ್ಲ. ಬೈಕ್ ಓಡಿಸ್ತಿದ್ದೆ, ಒಂದ್ಸಲ ಬಿದ್ದ ಮೇಲೆ ಮುಟ್ಟಿಲ್ಲ. ದಿನಾ ಓಡಾಡೋರು ಇದ್ದರೆ ನಿಜ ಹೇಳಿ. "70 ಕಿಲೋಮೀಟರ್ ಏನ್ ಮಹಾ" ಅನ್ನೋರು ನಮ್ಮನೇಲೇ ಇದ್ದಾರೆ.

ಕ್ಯಾತ್ಸಂದ್ರದ ಅಕ್ಕ:
ಹದಿಮೂರು ವರ್ಷದಿಂದ ಓಡಾಡ್ತಿದ್ದೀನಿ ಕಣಪ್ಪ. ಮಲ್ಲೇಶ್ವರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ, ಹಾಗಾಗಿ ಮೊದಲು ಲೆಕ್ಕ ಹೇಳ್ತೀನಿ.

ಬಸ್ಸಿನಲ್ಲಿ ಎರಡು ಮೂರು ದಿನ ಹೋಗಿ ಬರೋ ದುಡ್ಡಿಗೆ ರೈಲಿನ ತಿಂಗಳ ಪಾಸ್ ಬರುತ್ತೆ. ಮೂರು ತಿಂಗಳದ್ದು ಒಟ್ಟಿಗೆ ಮಾಡಿಸಿದರೆ 2.7 ತಿಂಗಳ ದುಡ್ಡು ತಗೋತಾರೆ. ಆದರೆ ಪಾಸಿದೆ ಅಂತ ರಿಸರ್ವೇಶನ್ ಬೋಗಿ ಹತ್ತಬೇಡಿ, ವಂದೇ ಭಾರತ್ ಅಂತೂ ಮರೆತುಬಿಡಿ. ನಿಮ್ಮ ಜೇಬಿಗೆ ಕತ್ತರಿ ಬೀಳೋದು ಯಶವಂತಪುರದಿಂದ ಆಚೆ. ಅಲ್ಲಿ ರೈಲಿಳಿದು ಎದುರಿಗೇ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಜಯನಗರ, ಅದೇನೋ ಸುಖ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಆ ಸಣ್ಣ ತುಂಡಿಗೇ ತಿಂಗಳಿಗೆ ಪಾಸಿನ ಎಷ್ಟೋ ಪಟ್ಟು ಆಗುತ್ತೆ.

ಇನ್ನು ಮನೆ. ನಿಮ್ಮ ಅತ್ತಿಗೆಯವರ ಬೀದಿ ಯಾವುದು ಅಂತ ನೀವು ಬರೆದಿಲ್ಲ, ಇರೋದೇ ಅಲ್ಲಿ. ಸ್ಟೇಷನ್ನಿಗೆ ನಡೆದು ಹೋಗೋ ಹಾಗಿದ್ದರೆ ಒಂದು ಬದುಕು, ಆಟೋ ಹಿಡಿಯಬೇಕಾದರೆ ಬೇರೆಯೇ ಬದುಕು. ನಾನು ತುಮಕೂರಿನ ಪಕ್ಕದ ಕ್ಯಾತ್ಸಂದ್ರ ಸ್ಟೇಷನ್ನಿಗೆ ಏಳು ನಿಮಿಷ ನಡೀತೀನಿ. ಎಲ್ಲ ಗಾಡಿ ಇಲ್ಲಿ ನಿಲ್ಲಲ್ಲ, ಪ್ಯಾಸೆಂಜರ್ ಮಾತ್ರ. ಅದಕ್ಕೇ ನನ್ನ ಅಡುಗೆಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಅದು ಮುಂದಿದೆ ಅಂತ ಎಲ್ಲರಿಗೂ ಗೊತ್ತು, ಆದರೂ ಕೆಲಸ ಮಾಡುತ್ತೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ನಮ್ಮ ಬೋಗಿಯ ಅರ್ಧ ಹೆಂಗಸರು ಬಸ್ಸಿಗೆ ಹೋದರು, ಬಿಟ್ಟಿ ಅಂತ. ಒಂದಷ್ಟು ಜನ ವಾಪಸ್ ಬಂದರು. ಬಸ್ಸು ನೆಲಮಂಗಲ ದಾಟಿದ ಮೇಲೆ ಯಾವಾಗ ಮುಟ್ಟುತ್ತೆ ಅನ್ನೋದು ಡ್ರೈವರಿಗೂ ಗೊತ್ತಿರಲ್ಲ. ಅದೂ ಅಲ್ಲದೆ ಬಸ್ಸಿನಲ್ಲಿ ಅವರೆಕಾಯಿ ಸುಲಿಯೋಕಾಗುತ್ತಾ? ಡಿಸೆಂಬರಿನಲ್ಲಿ ನಮ್ಮ ಬೋಗಿ ನೋಡಬೇಕು ನೀವು. ಯಶವಂತಪುರದ ಮಾರ್ಕೆಟ್ಟಿನಿಂದ ತಂದ ಕಾಯಿ ದಾಬಸ್‌ಪೇಟೆ ಬರೋ ಹೊತ್ತಿಗೆ ಕಾಳಾಗಿರುತ್ತೆ. ಮನೆಗೆ ಹೋಗಿ ನೆನೆಹಾಕಿದರೆ ಬೆಳಿಗ್ಗೆ ಹಿತಕಿದ ಬೇಳೆ ಸಾರು.

ಸುಸ್ತಾಗಲ್ವಾ ಅಂತ ಕೇಳ್ತಾರೆ. ಆಗುತ್ತೆ. ರಾತ್ರಿ ಎಂಟೂಮುಕ್ಕಾಲಿಗೆ ಚಪ್ಪಲಿ ಬಿಡ್ತೀನಿ, ಊಟ ಯಾರಾದರೂ ಮಾಡಿಟ್ಟಿದ್ದರೆ ಉಂಟು.

ಎಂಟೇ_ತಿಂಗಳು:
ಅಕ್ಕ ಹೇಳಿದ ಎರಡನೇ ಬದುಕು ನಂದು. ಬಾಡಿಗೆ ಇನ್ನೂ ಒಂದೂವರೆ ಸಾವಿರ ಉಳಿಯುತ್ತೆ ಅಂತ ಶೆಟ್ಟಿಹಳ್ಳಿಯಿಂದಲೂ ಆಚೆ ಮನೆ ಹಿಡಿದೆ. ಬೆಳಿಗ್ಗೆ ಶೇರ್ ಆಟೋ ಸಿಗ್ತಿತ್ತು. ರಾತ್ರಿ ಗಾಡಿ ಲೇಟಾದ ದಿನ ಆಟೋದವರು ಹೇಳಿದ್ದೇ ರೇಟು. ಉಳಿಸಿದ ಒಂದೂವರೆ ಸಾವಿರಕ್ಕೆ ಇನ್ನೊಂದು ಸಾವಿರ ಸೇರಿಸಿ ಅವರಿಗೇ ಕೊಟ್ಟೆ. ಎಂಟನೇ ತಿಂಗಳಿಗೆ ಬೆಂಗಳೂರಿನ ದಾಸರಹಳ್ಳಿಗೆ ಸಾಮಾನು ಹೇರಿದೆ. ತುಮಕೂರಿನ ಮೇಲೆ ದೂರಿಲ್ಲ, ತಟ್ಟೆ ಇಡ್ಲಿ ಈಗಲೂ ನೆನಪಾಗುತ್ತೆ.

ಹೆದ್ದಾರಿ48:
ಸಂಜೆ ಗಾಡಿ ತಪ್ಪಿದರೆ ಸ್ಟೇಷನ್ನಿನಲ್ಲಿ ಮುಂದಿನದಕ್ಕೆ ಕಾಯ್ತಾ ಕೂರಬೇಡಿ ಸರ್. ಒಂದು ಸ್ಟಾಪ್ ಮೆಟ್ರೊದಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದು ರಸ್ತೆಯಲ್ಲಿ ನಿಲ್ಲಿ, ತುಮಕೂರು ಕಡೆಯ ಬಸ್ಸು ಒಂದರ ಹಿಂದೆ ಒಂದು ಬರುತ್ತೆ. ಶುಕ್ರವಾರ ಸಂಜೆ ಮಾತ್ರ ಬೇಡ. ಊರಿಗೆ ಹೋಗೋರೆಲ್ಲ ಅಲ್ಲೇ ನಿಂತಿರ್ತಾರೆ, ಕಾಲಿಡೋಕೆ ಜಾಗ ಇರಲ್ಲ.

ಬಾಡಿಗೆಮನೆಯವ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಅತ್ತಿಗೆ ಮನೆ ಉಪ್ಪಾರಹಳ್ಳಿ ಕಡೆ. ತುಮಕೂರು ಸ್ಟೇಷನ್ನಿಗೆ ನಡೆದರೆ ಹದಿನೈದು ನಿಮಿಷ ಅಂತಾರೆ, ನಮ್ಮ ಷಡ್ಡಕ ಹೇಳೋದು ಹತ್ತು. ಮನೆ ಖಾಲಿ ಮಾಡೋ ಮೊದಲು ಒಂದು ತಿಂಗಳ ಪಾಸ್ ಮಾಡಿಸಿ, ಅವರ ಮನೆಯಿಂದಲೇ ಓಡಾಡಿ ನೋಡೋಣ ಅಂತಿದ್ದೀನಿ. ಹೆಂಡತಿ ಮಗು ಇಲ್ಲೇ ಇರ್ತಾರೆ. ಸೋಮವಾರ ರಶ್ ಅಂತೆ, ಮಂಗಳವಾರದಿಂದ ಶುರು ಮಾಡಲಾ?

ಕ್ಯಾತ್ಸಂದ್ರದ ಅಕ್ಕ:
ಪರೀಕ್ಷೆ ಮಾಡೋದಾದರೆ ಸೋಮವಾರವೇ ಹತ್ತಿ. ಊರಿಂದ ವಾಪಸ್ ಹೋಗೋರೆಲ್ಲ ಮೂಟೆ ಸಮೇತ ಇರ್ತಾರೆ, ಯಶವಂತಪುರದವರೆಗೆ ನಿಂತೇ ಹೋಗಬೇಕು. ಬ್ಯಾಗ್ ಮುಂದಕ್ಕೆ ಹಾಕ್ಕೊಳ್ಳಿ. ಷಡ್ಡಕರ ಹತ್ತು ನಿಮಿಷ ನಂಬಬೇಡಿ, ಭಾನುವಾರ ನೀವೇ ಒಂದ್ಸಲ ನಡೆದು ನೋಡಿ.