ಹಾಕಿ ಹುಟ್ಟಿದ್ದು ಎಲ್ಲಿ? ಮಗಳಿಗೆ ಏನು ಹೇಳಲಿ?

ಹುಬ್ಬಳ್ಳಿ ಸೊಸೆ, ಪುಣೆ:
ನಮ್ಮ ಮನೆ ಖಡ್ಕಿಯಲ್ಲಿ. ಏಳನೇ ಕ್ಲಾಸಿನ ಮಗಳು ಈ ವರ್ಷ ಹಾಕಿ ಕಲಿಯಲು ಶುರು ಮಾಡಿದ್ದಾಳೆ. ಹಾಕಿ ಹುಟ್ಟಿದ ಬಗೆ ಹೇಳಿ ಸ್ಕೂಲಲ್ಲಿ ಐದು ನಿಮಿಷ ಮಾತಾಡಬೇಕಂತೆ. ಮಾವ ಫೋನಲ್ಲಿ "ಅದು ನಮ್ಮದೇ ಆಟ, ಬರಿ ಪುಟ್ಟಾ" ಅಂದರು. ಕೋಚ್ ಇಂಗ್ಲಿಷರದ್ದು ಅಂದರಂತೆ. ಅವಳು ಎರಡನ್ನೂ ಬರೆದು ಅಳಿಸಿ ಕೂತಿದ್ದಾಳೆ. ತಿಳಿದವರು ಹೇಳಿ.

ಠಾಣೆ ಹುಡುಗ:
ನಮ್ಮ ರಾಷ್ಟ್ರೀಯ ಕ್ರೀಡೆ ಅಲ್ವಾ ಅಕ್ಕ? ಹಾಗಾದ್ರೆ ಇಲ್ಲೇ ಹುಟ್ಟಿರಬೇಕು.

ಹಳೇ ಹಾಫ್‌ಬ್ಯಾಕ್, ಖಡ್ಕಿ:
ತಮ್ಮಾ, ಸರ್ಕಾರ ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಅಂತ ಘೋಷಿಸಿಲ್ಲ. 2012ರಲ್ಲಿ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಕ್ರೀಡಾ ಸಚಿವಾಲಯವೇ ಹಾಗೆ ಹೇಳಿತು.

ಇನ್ನು ನಿಮಗೆ, ತಾಯಿ. ನನ್ನ ಊರು ವಿರಾಜಪೇಟೆ ಹತ್ತಿರ. ಮಿಲಿಟರಿಯಲ್ಲಿದ್ದಾಗ ಎಪ್ಪತ್ತರ ದಶಕದಲ್ಲಿ ರೆಜಿಮೆಂಟ್ ಟೀಮಿಗೆ ಆಡಿದವನು. ಕೋಲಿನಿಂದ ಚೆಂಡು ಹೊಡೆಯೋದು ತುಂಬಾ ಹಳೇದು. ಈಜಿಪ್ಟಿನ ಬೆನಿ ಹಸನ್‌ನಲ್ಲಿ ಸುಮಾರು 4000 ವರ್ಷದ ಹಿಂದಿನ ಗೋರಿ ಇದೆ. ಅದರ ಗೋಡೆಯ ಮೇಲೆ ಇಬ್ಬರು ಬಾಗಿದ ಕೋಲು ಹಿಡಿದು ಎದುರುಬದುರು ನಿಂತಿದ್ದಾರೆ. ಅಥೆನ್ಸಿನ ಒಂದು ಕಲ್ಲಿನ ಕೆತ್ತನೆಯಲ್ಲೂ ಅದೇ ನಿಲುವು. ಅದಕ್ಕೆ 2500 ವರ್ಷ. ಫೋಟೋ ನೋಡಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಕಾಲದಲ್ಲಿ ಆಟ ಶುರುವಾಗುತ್ತಿದ್ದದ್ದು ಬುಲ್ಲಿಯಿಂದ. ನೆಲಕ್ಕೊಂದು, ಎದುರಿನವನ ಸ್ಟಿಕ್ಕಿಗೊಂದು. ಹೀಗೆ ಮೂರು ಸಲ ಟಕ್ ಟಕ್, ನಾಲ್ಕನೇದಕ್ಕೆ ಚೆಂಡು ಗಿಟ್ಟಿಸಿದವನದ್ದು.

ಆದರೆ ಅಲ್ಲಿಂದ ಇಲ್ಲಿಗೆ ನೇರ ಗೆರೆ ಎಳೆಯಬೇಡಿ. ಹೆಸರು ಸಿಗೋದು 1527ರಲ್ಲಿ, ಐರ್ಲೆಂಡಿನ ಗಾಲ್ವೇ ಊರಿನ ಕಟ್ಟಳೆಯಲ್ಲಿ. ಅದೂ ಹಾಕಿ ಕೋಲಿನ ಆಟ ಆಡಬಾರದು ಅಂತ!

ನಿಮ್ಮ ಕೋಚ್ ಹೇಳಿದ್ದು ಈಗ ಬರುತ್ತದೆ. ಲಂಡನ್ನಿನ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ರಬ್ಬರಿನ ಚೌಕ ತುಂಡಿನಿಂದ ಆಡುತ್ತಿದ್ದರು. ಅದು ಎತ್ತ ಪುಟಿಯುತ್ತೋ ದೇವರೇ ಬಲ್ಲ. 1871ರಲ್ಲಿ ಟೆಡ್ಡಿಂಗ್ಟನ್ನಿನ ಕ್ರಿಕೆಟಿಗರು ಚಳಿಗಾಲಕ್ಕೂ ಒಂದು ಆಟ ಬೇಕು ಅಂತ ಕ್ರಿಕೆಟ್ ಚೆಂಡನ್ನೇ ತಂದರು. ಸ್ಟಿಕ್ ಭುಜಕ್ಕಿಂತ ಮೇಲೆ ಎತ್ತಬಾರದು ಅಂದರು. ಗೋಲಿನ ಮುಂದೆ ಸರ್ಕಲ್ ಬಂತು, ಅಂದರೆ ಅದರೊಳಗಿಂದ ಹೊಡೆದರೆ ಮಾತ್ರ ಗೋಲು ಅನ್ನೋ ಗೆರೆ. ಚೆಂಡು ಉರುಳಿದರೆ ತಾನೇ ಪಾಸು, ಡ್ರಿಬ್ಲಿಂಗ್ (ಚೆಂಡನ್ನು ಸ್ಟಿಕ್ಕಿನ ಹತ್ತಿರವೇ ತಟ್ಟುತ್ತಾ ಓಡೋದು)? ನನ್ನ ಪ್ರಕಾರ ನಾವು ಆಡೋ ಹಾಕಿ ಹುಟ್ಟಿದ್ದು ಆ ಚೆಂಡಿನ ಜೊತೆ. 1886ರಲ್ಲಿ ಅಲ್ಲಿನ ಕ್ಲಬ್ಬುಗಳು ಸೇರಿ ಹಾಕಿ ಅಸೋಸಿಯೇಷನ್ ಕಟ್ಟಿದವು.

ಬ್ರಿಟಿಷ್ ಪಡೆಗಳ ಜೊತೆ ಆಟ ಇಲ್ಲಿಗೆ ಬಂತು. ಕಲ್ಕತ್ತದಲ್ಲಿ 1895ಕ್ಕೆ ಬೈಟನ್ ಕಪ್, ಮರುವರ್ಷ ಬಾಂಬೆಯಲ್ಲಿ ಆಗಾ ಖಾನ್ ಕಪ್. ಮಾವನವರ ಮಾತಿಗೂ ಜಾಗ ಇದೆ. ಇಂಗ್ಲಿಷ್ ಸ್ಟಿಕ್ಕಿನ ಮೂತಿ, ಅಂದರೆ ಕೆಳಗಿನ ಬಾಗಿದ ತುದಿ, ಉದ್ದ. ನಮ್ಮವರು ಹಿಪ್ಪುನೇರಳೆ ಮರದಲ್ಲಿ ಗಿಡ್ಡ ಮೂತಿ ಮಾಡಿದರು. ಮಣಿಕಟ್ಟು ತಿರುಗಿಸಿದರೆ ಸಾಕು, ಚೆಂಡು ಆ ಕಡೆಯಿಂದ ಈ ಕಡೆಗೆ. ನನ್ನ ಹಳೇ ಸ್ಟಿಕ್ ಇನ್ನೂ ಇದೆ. ಬೆತ್ತದ ಹಿಡಿ ಸೀಳಿದೆ, ದಾರ ಸುತ್ತಿದ್ದೇನೆ. ಮಗಳನ್ನು ಕರೆದುಕೊಂಡು ಬನ್ನಿ. ಬುಲ್ಲಿ ಹೇಳಿಕೊಡುತ್ತೇನೆ.

ಮಾಟುಂಗಾದಿಂದ:
ಮುಂಬೈ ವಿಷಯ ಒಂದು ಸೇರಿಸಿ ಅಕ್ಕ. 1928ರಲ್ಲಿ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿಗೆ ಹೊರಟ ನಮ್ಮ ತಂಡ, ಹಡಗು ಹತ್ತುವ ಮುಂಚೆ ಬಾಂಬೆ ತಂಡದ ಎದುರು 3-2ರಲ್ಲಿ ಸೋತಿತ್ತು. ಬೀಳ್ಕೊಡೋಕೆ ಬಂದವರು ಮೂರೇ ಜನ. ಅಲ್ಲಿ ಮಾತ್ರ ಒಂದೂ ಗೋಲು ಬಿಟ್ಟುಕೊಡದೆ ಚಿನ್ನ ಗೆದ್ದರು. ಧ್ಯಾನ್‌ಚಂದ್ ಒಬ್ಬರೇ 14 ಗೋಲು.

ಹುಬ್ಬಳ್ಳಿ ಸೊಸೆ, ಪುಣೆ:
ಎಲ್ಲರಿಗೂ ಥ್ಯಾಂಕ್ಸ್. ಮಗಳು ಅಳಿಸೋ ರಬ್ಬರನ್ನು ಚೌಕಕ್ಕೆ ಕತ್ತರಿಸಿ ಮನೆಯ ಹಾಲ್‌ನಲ್ಲಿ ಹೊಡೆದು ನೋಡಿದಳು. ಮೂರು ಸಲವೂ ಮೂರು ದಿಕ್ಕಿಗೆ ಹೋಯಿತು. ಅದನ್ನೇ ಕ್ಲಾಸಲ್ಲಿ ತೋರಿಸ್ತಾಳಂತೆ. ಅಂಕಲ್, ಶನಿವಾರ ಸಂಜೆ ಬರುತ್ತೇವೆ. ಅವಳ ಸ್ಟಿಕ್ಕನ್ನೂ ತರುತ್ತಾಳೆ.